ತರಗತಿಯ ಮೌನಕ್ಕೆ ನೊಂದ ಉಪನ್ಯಾಸಕಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪದವಿ ತರಗತಿಗೆ ಅರ್ಥಶಾಸ್ತ್ರ ಕಲಿಸುವ ಉಪನ್ಯಾಸಕಿಯೊಬ್ಬರು ನಿದ್ದೆ ಬರುತ್ತಿಲ್ಲವೆಂದು ನನ್ನ ಬಳಿ ಸಲಹೆಗೆ ಬಂದಿದ್ದರು. ಮಾತು ಮುಂದುವರಿದಂತೆ ಕಾರಣ ಹೊರಬಿತ್ತು. “ಪ್ರಶ್ನೆ ಕೇಳಿದರೆ ಇಡೀ ತರಗತಿ ತಲೆ ತಗ್ಗಿಸುತ್ತದೆ. ನಾನು ಅವರ ಲೆಕ್ಕಕ್ಕೇ ಇಲ್ಲ.” ಮೌನವನ್ನು ಅವಮಾನವೆಂದು ಬಗೆದು, ಹಾಜರಿ ಪುಸ್ತಕ ತೆರೆದು ಹೆಸರು ಕೂಗಿ ನಿಲ್ಲಿಸತೊಡಗಿದ್ದರು. ತಲೆಗಳು ಇನ್ನಷ್ಟು ತಗ್ಗಿದವು.

ಸಮಾಧಾನದ ಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎನಿಸಿತು. ವಿದ್ಯಾರ್ಥಿಗಳಿಗೆ ತಿಳಿಸಿ ಒಂದು ಪಾಠವನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕೇಳಿ ಬನ್ನಿ ಎಂದೆ. ಮುಂದಿನ ಭೇಟಿಯಲ್ಲಿ ಅವರೇ ನಕ್ಕರು: “ಬಾಯಿ ತೆರೆಯಲು ನಾನು ಯಾರಿಗೂ ಬಿಟ್ಟೇ ಇಲ್ಲ!” ಪ್ರಶ್ನೆ ಕೇಳಿ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಉತ್ತರವನ್ನೂ ತಾವೇ ಹೇಳಿಬಿಡುತ್ತಿದ್ದರು. ಇದು ಅವರೊಬ್ಬರ ದೋಷವಲ್ಲ. 1970ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ ಶಾಲಾ ಪಾಠಗಳ ಧ್ವನಿಮುದ್ರಣ ಪರಿಶೀಲಿಸಿದಾಗ, ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದುದು ಕಂಡುಬಂದಿತ್ತು. ಮೂರು ಸೆಕೆಂಡ್ ಕಾದಲ್ಲಿ ಉತ್ತರಗಳು ಉದ್ದವಾದವು, ತಾವಾಗಿ ಮಾತನಾಡುವವರೂ ಹೆಚ್ಚಿದರು.

ವಿದ್ಯಾರ್ಥಿಗಳು ಸುಮ್ಮನಿದ್ದರೆ ಉತ್ತರ ಉಪನ್ಯಾಸಕಿಯಿಂದಲೇ ಬರುತ್ತದೆ. ಬಾಯಿಬಿಟ್ಟರೆ ನಗೆಪಾಟಲಾಗುವ ಅಪಾಯ. ವಿದ್ಯಾರ್ಥಿಗಳದು ಅಸಡ್ಡೆಯಲ್ಲ, ಲಾಭನಷ್ಟದ ಲೆಕ್ಕಾಚಾರ. ಅರ್ಥಶಾಸ್ತ್ರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಹಾಗಾಗಿ ಆ ಲೆಕ್ಕವನ್ನೇ ಬದಲಿಸುವಂತೆ ಸಲಹೆ ಕೊಟ್ಟೆ. “ಅರ್ಥವಾಯಿತೇ?” ಎಂಬುದಕ್ಕೆ ಹೂಂಗುಟ್ಟುವುದಷ್ಟೇ ಉಳಿದಿರುತ್ತದೆ. “ಬೆಲೆ ಏರಿದರೂ ಬೇಡಿಕೆ ಅಷ್ಟಾಗಿ ಇಳಿಯದ ವಸ್ತು ಯಾವುದು, ಏಕೆ?” ಎಂದು ಕೇಳಿ. ಒಂದು ನಿಮಿಷ ಎಲ್ಲರೂ ಬರೆಯಲಿ, ಪಕ್ಕದವರೊಡನೆ ಚರ್ಚಿಸಲಿ, ಆಮೇಲೆ “ನಿಮ್ಮಿಬ್ಬರ ನಡುವೆ ಏನು ಮಾತಾಯಿತು?” ಎನ್ನಿ. ತಪ್ಪಾದರೂ ಅದು ಒಬ್ಬರ ತಲೆಗೆ ಬರುವುದಿಲ್ಲ. ತಪ್ಪು ಉತ್ತರಕ್ಕೆ “ಅಲ್ಲ, ಬೇರೆ ಯಾರು?” ಎನ್ನುವ ಬದಲು “ಹೇಗೆ ಹಾಗೆನಿಸಿತು?” ಎಂದು ಕೇಳಿ. ಸರಿಯುತ್ತರಕ್ಕೂ ಅದನ್ನೇ ಕೇಳಬೇಕು; ಇಲ್ಲವಾದರೆ ಆ ಪ್ರಶ್ನೆಯೇ ತಪ್ಪಿನ ಗುರುತು ಎಂದು ವಾರದೊಳಗೆ ಕಂಡುಹಿಡಿಯುತ್ತಾರೆ. ಮಾತನಾಡಿದವರಿಗೆ ಅಂಕ ಕೊಡುವ ಆಲೋಚನೆಯೂ ಅವರಿಗಿತ್ತು. ಬೇಡವೆಂದೆ. ಮೊದಲೇ ಮಾತುಗಾರರಾದ ನಾಲ್ಕೈದು ಮಂದಿ ಅದನ್ನು ಬಾಚಿಕೊಳ್ಳುತ್ತಾರೆ.

ಕೆಲವು ವಾರಗಳಲ್ಲಿ ನಿದ್ದೆ ಸುಧಾರಿಸಿತು. ಗದ್ದಲವೆಂದು ಪಕ್ಕದ ಕೊಠಡಿಯವರು ದೂರಿದ್ದನ್ನು ಅವರು ಹೆಮ್ಮೆಯಿಂದಲೇ ಹೇಳಿದರು. ಒಬ್ಬ ವಿದ್ಯಾರ್ಥಿನಿ ಮಾತ್ರ ಪಕ್ಕದವಳ ಜೊತೆ ಮಾತನಾಡುವಾಗಲೂ ನಡುಗುತ್ತಾಳಂತೆ. ಅವಳನ್ನು ಒತ್ತಾಯಿಸದೆ ಚೀಟಿಯಲ್ಲಿ ಬರೆದ ಉತ್ತರವನ್ನೇ ಸ್ವೀಕರಿಸಿ, ಏಕಾಂತದಲ್ಲಿ ವಿಚಾರಿಸಿ, ಅವಳು ಒಪ್ಪಿದರೆ ಕಾಲೇಜಿನ ಆಪ್ತಸಲಹೆಗಾರರಲ್ಲಿಗೆ ಕಳುಹಿಸಿ ಎಂದು ತಿಳಿಸಿದ್ದೇನೆ.