ಓದುಗರ ಪ್ರಶ್ನೆ: ಹೊಸ ಆರ್‌ವಿ ಕೈಗೆ ಬರುವ ದಿನ ಏನೇನು ನೋಡಬೇಕು?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ಯಜಮಾನರು ಈ ಬೇಸಿಗೆಯಲ್ಲಿ ನಿವೃತ್ತರಾದರು. ಮಕ್ಕಳಿಬ್ಬರೂ ದೂರದ ಊರುಗಳಲ್ಲಿದ್ದಾರೆ. ಮನೆ ಮಾರಿ, ಇನ್ನು ಆರ್‌ವಿಯಲ್ಲೇ (ಚಕ್ರದ ಮೇಲಿನ ಮನೆ) ಸಂಸಾರ ಅಂತ ತೀರ್ಮಾನಿಸಿ, ಪಿಕಪ್ ಟ್ರಕ್ಕಿಗೆ ಸೇರಿಸಿ ಎಳೆಯುವ ಫಿಫ್ತ್ ವ್ಹೀಲ್ ಒಂದನ್ನು ಬುಕ್ ಮಾಡಿದ್ದೇವೆ. ನವೆಂಬರಿನಲ್ಲಿ ಡೆಲಿವರಿ. "ಎರಡು ಗಂಟೆ ಸಾಕು, ಎಲ್ಲ ತೋರಿಸಿ ಕೊಡ್ತೀವಿ" ಅಂತ ಡೀಲರ್ ಹೇಳುತ್ತಾರೆ. ಅಷ್ಟು ಹೊತ್ತು ಸಾಕಾ? ಏನೇನು ನೋಡಬೇಕು?
— ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಖಂಡಿತ ಸಾಲದು. ಈಗಲೇ ಫೋನ್ ಮಾಡಿ ಹೇಳಿಬಿಡಿ: ನಮಗೆ ಇಡೀ ದಿನ ಬೇಕು, ರಾತ್ರಿ ನಿಮ್ಮ ಜಾಗದಲ್ಲೇ ಗಾಡಿಯೊಳಗೆ ಮಲಗುತ್ತೇವೆ, ಸಹಿ ಮರುದಿನ ಬೆಳಗ್ಗೆ ಅಂತ. ಇದಕ್ಕೆ ಒಪ್ಪುವ ಡೀಲರ್‌ಗಳು ಇದ್ದಾರೆ. ಒಪ್ಪದಿದ್ದರೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಸಂಜೆವರೆಗೂ ನೋಡಿ. ಮೊದಲ ಕೆಲವು ರಾತ್ರಿ ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲೇ ಇರಿ, ದೂರ ಹೋಗಬೇಡಿ.

ಇಷ್ಟು ಹಟ ಯಾಕೆ ಅಂದರೆ, ವಾರದ ಕೊನೆಗೆ ಮಾತ್ರ ಓಡಾಡುವವರು ಗಾಡಿ ಕೆಟ್ಟರೆ ವರ್ಕ್‌ಶಾಪಿನಲ್ಲಿ ಬಿಟ್ಟು ಮನೆಗೆ ಹೋಗುತ್ತಾರೆ. ನಿಮಗೆ ಹೋಗೋಕೆ ಬೇರೆ ಮನೆ ಇಲ್ಲ. ಒಂದು ಬಿಡಿಭಾಗ ಬರೋಕೆ ವಾರಗಟ್ಟಲೆ ಕಾಯಿಸಿದ್ದನ್ನು ನಾನು ತುಂಬಾ ಕಡೆ ನೋಡಿದ್ದೇನೆ. ಅಲ್ಲಿಯವರೆಗೆ ಹೋಟೆಲಿನ ಬಿಲ್ ಕಟ್ಟುವವರು ನೀವೇ. ಪೂರ್ತಿ ದುಡ್ಡು ಕೊಡುವ ತನಕ ನಿಮ್ಮ ಮಾತಿಗೆ ತೂಕ ಇರುತ್ತದೆ. ಕೊಟ್ಟ ಮೇಲೆ ನೀವೂ ರಿಪೇರಿ ಸಾಲಿನಲ್ಲಿ ನಿಂತವರಲ್ಲಿ ಒಬ್ಬರು, ಅಷ್ಟೇ.

ಹೊಸ ಗಾಡಿ ಅಲ್ವಾ, ಏನು ಕೆಟ್ಟಿರುತ್ತೆ ಅಂತ ಅನ್ನಿಸಬಹುದು. ಈ ದೇಶದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ. ಅಲ್ಲಿಂದ ನೂರಾರು ಮೈಲಿ ರಸ್ತೆ ಮೇಲೆ ಎಳೆದು ತರುತ್ತಾರೆ. ದಾರಿಯುದ್ದಕ್ಕೂ ಕುಲುಕಿ ಪೈಪಿನ ಜಾಯಿಂಟು, ಸ್ಕ್ರೂ ಸಡಿಲವಾಗುವುದು ಮಾಮೂಲು.

ಮೊದಲು ನೀರು. ನನ್ನನ್ನು ಕೇಳಿದರೆ ಅರ್ಧ ದಿನ ಇದಕ್ಕೇ ಇಡಿ. ಆರ್‌ವಿಯನ್ನು ಹಾಳು ಮಾಡುವುದರಲ್ಲಿ ನೀರೇ ಮುಂದು. ನಿಮ್ಮದು ನವೆಂಬರ್ ಡೆಲಿವರಿ. "ಚಳಿಗೆ ಪೈಪು ಒಡೆಯದ ಹಾಗೆ ಆಗಲೇ ಆಂಟಿಫ್ರೀಜ್ ಹಾಕಿಬಿಟ್ಟಿದ್ದೀವಿ, ನೀರು ಬಿಡೋಕಾಗಲ್ಲ" ಅನ್ನಬಹುದು. ಒಪ್ಪಬೇಡಿ. ನಲ್ಲಿಯಲ್ಲಿ ಬರುವ ಆ ಗುಲಾಬಿ ಬಣ್ಣದ ದ್ರವವನ್ನು ಪೂರ್ತಿ ತೊಳೆದು ನೀರು ತುಂಬಿಸಲಿ. ಕೊರೆಯುವ ಚಳಿ ಇದ್ದರೆ ಗಾಡಿಯನ್ನು ವರ್ಕ್‌ಶಾಪಿನ ಒಳಗೆ ತಂದು ಮಾಡಲಿ. ನೋಡಿ ಆದ ಮೇಲೆ ಮತ್ತೆ ಆಂಟಿಫ್ರೀಜ್ ಹಾಕಿಕೊಳ್ಳಬಹುದು.

ಟ್ಯಾಂಕ್ ತುಂಬಿದ ಮೇಲೆ ಪಂಪ್ ಆನ್ ಮಾಡಿ, ಎಲ್ಲಾ ನಲ್ಲಿ ಒಂದು ಸಲ ಬಿಟ್ಟು ನಿಲ್ಲಿಸಿ. ಪಂಪ್ ಗರ್ ಅಂತ ಸದ್ದು ಮಾಡಿ, ಒತ್ತಡ ತುಂಬಿದ ಕೂಡಲೇ ಸುಮ್ಮನಾಗಬೇಕು. ಆಮೇಲೆ ಯಾರೂ ಮಾತಾಡದೆ ಅರ್ಧ ಗಂಟೆ ಒಳಗೆ ಕೂತಿರಿ. ನಲ್ಲಿ ಬಿಡದೆ ಇದ್ದರೂ ಪಂಪ್ ಮಧ್ಯೆ ಮಧ್ಯೆ ತಾನಾಗೇ ಕೂಗಿತು ಅಂದರೆ ಎಲ್ಲೋ ನೀರು ಸೋರುತ್ತಿದೆ. ಆಗ ಒಣ ಟಿಶ್ಯೂ ಪೇಪರ್ ಹಿಡಿದು ಸಿಂಕಿನ ಕೆಳಗೆ, ಕಮೋಡಿನ ಹಿಂದೆ, ಶವರಿನ ಹಿಂದಿನ ಪ್ಯಾನೆಲ್ ತೆಗೆಸಿ ಒಂದೊಂದು ಜಾಯಿಂಟನ್ನೂ ಒರೆಸಿ. ಬೆರಳಿಗೆ ತಿಳಿಯದ ಹನಿ ಕಾಗದಕ್ಕೆ ತಿಳಿಯುತ್ತದೆ. ಪಂಪಿನ ಪರೀಕ್ಷೆ ಮುಗಿದ ಮೇಲೆ ಹೊರಗಿನ ಪೈಪಿನಿಂದಲೂ ನೀರು ಕೊಟ್ಟು ನೋಡಿ. ಪ್ರೆಷರ್ ರೆಗ್ಯುಲೇಟರ್ ಇಲ್ಲದೆ ಮಾತ್ರ ಯಾವತ್ತೂ ಪೈಪ್ ಸೇರಿಸಬೇಡಿ. ಕೆಲವು ಕ್ಯಾಂಪ್‌ಗ್ರೌಂಡುಗಳಲ್ಲಿ ನೀರಿನ ಒತ್ತಡ ತುಂಬಾ ಜಾಸ್ತಿ ಇರುತ್ತದೆ. ಇನ್ನೊಂದು, ಟ್ಯಾಂಕ್ ಇರುವ ಗೀಸರ್ ಆದರೆ, ಅದರಲ್ಲಿ ನೀರು ತುಂಬಿದ್ದು ಖಾತ್ರಿಯಾಗುವ ತನಕ ಕರೆಂಟಿನ ಸ್ವಿಚ್ ಮುಟ್ಟಲು ಯಾರನ್ನೂ ಬಿಡಬೇಡಿ. ಬರಿದಾದ ಗೀಸರಿನ ಕಾಯಿಲ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ.

ಕರೆಂಟಿಗೆ ಬಂದರೆ, ನಿಮ್ಮದು 50 ಆಂಪ್ ಗಾಡಿ ಆಗಿದ್ದರೆ 50 ಆಂಪ್ ಕನೆಕ್ಷನ್‌ನಲ್ಲೇ ತೋರಿಸಿ ಅಂತ ಕೇಳಿ. 30 ಆಂಪ್‌ನಲ್ಲಿ ಸಿಗೋದು 3,600 ವ್ಯಾಟ್. 50 ಆಂಪ್‌ನಲ್ಲಿ 12,000 ವ್ಯಾಟ್. ಸಣ್ಣ ಕನೆಕ್ಷನ್ ಕೊಟ್ಟರೆ ಎರಡು ಎಸಿ, ಮೈಕ್ರೋವೇವ್ ಒಟ್ಟಿಗೆ ಓಡುತ್ತವಾ ಅಂತ ಗೊತ್ತಾಗೋದೇ ಇಲ್ಲ. ಫ್ರಿಜ್ಜನ್ನು ಹಿಂದಿನ ದಿನವೇ ಆನ್ ಮಾಡಿಡಲು ಹೇಳಿ. ಗ್ಯಾಸ್ ಲೀಕ್ ಪರೀಕ್ಷೆ ನಿಮ್ಮ ಎದುರೇ ಆಗಲಿ. ಸ್ಲೈಡ್‌ಔಟ್‌ಗಳನ್ನು, ಅಂದರೆ ಗೋಡೆಯಿಂದ ಹೊರಗೆ ಜಾರಿ ಕೋಣೆ ಅಗಲ ಮಾಡುವ ಭಾಗಗಳನ್ನು, ಎರಡು ಮೂರು ಸಲ ಹೊರಗೆ ಒಳಗೆ ಮಾಡಿಸಿ, ಅಂಚಿನ ರಬ್ಬರ್ ಮಡಚಿಕೊಳ್ಳುತ್ತದಾ ನೋಡಿ. ಏಣಿ ಹಾಕಿಸಿ ಮೇಲೂ ಹತ್ತಿ. ಚಾವಣಿಯಲ್ಲಿ ಎಲ್ಲೆಲ್ಲಿ ತೂತು ಕೊರೆದಿದ್ದಾರೋ ಅಲ್ಲೆಲ್ಲ ಸೀಲೆಂಟ್ ಬಿರುಕಿಲ್ಲದೆ ಕೂತಿರಬೇಕು. ಟೈರಿನ ಮೇಲಿನ ಡಾಟ್ (DOT) ನಂಬರಿನ ಕೊನೆಯ 4 ಅಂಕಿ ಓದಿ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 2324 ಅಂದರೆ 2024ರ 23ನೇ ವಾರ ತಯಾರಾದ ಟೈರು.

ಇಷ್ಟೆಲ್ಲ ನಮ್ಮಿಂದ ಆಗಲ್ಲ ಅನ್ನಿಸಿದರೆ ಸಂಕೋಚ ಬೇಡ. ಆರ್‌ವಿ ಇನ್ಸ್‌ಪೆಕ್ಟರ್‌ಗಳ ಸಂಘವಾದ ಎನ್‌ಆರ್‌ವಿಐಎ (NRVIA) ಸರ್ಟಿಫಿಕೇಟ್ ಇರುವ ಸ್ವತಂತ್ರ ಇನ್ಸ್‌ಪೆಕ್ಟರ್‌ಗಳು ಸಿಗುತ್ತಾರೆ. ಅವರಿಗೆ ದುಡ್ಡು ಕೊಡುವವರು ನೀವು, ಡೀಲರ್ ಅಲ್ಲ. ಮನೆ ಮಾರಿ ಬಂದ ದುಡ್ಡು ಹಾಕುತ್ತಿರುವಾಗ ಇಲ್ಲಿ ಉಳಿತಾಯ ನೋಡಬೇಡಿ.

ಸಿಕ್ಕ ದೋಷಗಳನ್ನೆಲ್ಲ ಫೋಟೋ ಸಮೇತ ಬರೆದಿಡಿ. "ಆಮೇಲೆ ತನ್ನಿ, ಮಾಡಿಕೊಡ್ತೀವಿ" ಅನ್ನುವುದು ಬಾಯಿ ಮಾತಿನಲ್ಲೇ ಉಳಿಯಬಾರದು. ಏನು ಬಾಕಿ, ಯಾವ ತಾರೀಖಿಗೆ, ಯಾರ ಖರ್ಚು ಅಂತ ಮ್ಯಾನೇಜರ್ ಸಹಿ ಇರುವ ಕಾಗದ ಬೇಕು. ನೀರು, ಗ್ಯಾಸ್, ಬ್ರೇಕ್, ಚಾವಣಿ, ಈ ನಾಲ್ಕರಲ್ಲಿ ಏನೇ ಇದ್ದರೂ ಸರಿಯಾಗುವ ತನಕ ಗಾಡಿ ಅಲ್ಲಿಂದ ಹೊರಡಬಾರದು.

ಗಾಡಿ ಹೊರಟ ಮೇಲೆ ಮೊದಲ 50 ಮೈಲಿಗೆ ಒಮ್ಮೆ ನಿಲ್ಲಿಸಿ, ಟಾರ್ಕ್ ವ್ರೆಂಚ್ ಹಿಡಿದು ಚಕ್ರದ ನಟ್ಟುಗಳನ್ನು ಬಿಗಿ ನೋಡಿ. ಹೊಸ ಚಕ್ರದಲ್ಲಿ ಅವು ಸಡಿಲವಾಗುತ್ತವೆ.

ಪ್ರಶ್ನೆ: ವಾರಂಟಿ ಒಂದು ವರ್ಷ ಇದೆ. ಅಡ್ರೆಸ್‌ಗೆ ಮಗಳ ಮನೆ ಕೊಟ್ಟರಾಯಿತು ಅಂದುಕೊಂಡಿದ್ದೇವೆ. ಕಾಗದಪತ್ರದಲ್ಲಿ ಬೇರೆ ಏನಾದರೂ ಇದೆಯಾ?
— ಅದೇ ಓದುಗರು

ಉತ್ತರ: ಇದೆ. ವಾರಂಟಿ ಪುಸ್ತಕವನ್ನು ಈಗಲೇ ತರಿಸಿಕೊಂಡು, ಸಣ್ಣ ಅಕ್ಷರದಲ್ಲಿರುವುದನ್ನೂ ಬಿಡದೆ ಓದಿ. ಗಾಡಿಯನ್ನು ಕಾಯಂ ವಾಸಕ್ಕೆ ಬಳಸಿದರೆ ವಾರಂಟಿ ಅನ್ವಯಿಸುವುದಿಲ್ಲ ಅಂತ ಬರೆದಿರುವ ಕಂಪನಿಗಳು ಹಲವು. ಫುಲ್‌ಟೈಮ್ ವಾಸಕ್ಕೂ ವಾರಂಟಿ ಕೊಡುವವರು ಕೆಲವರಿದ್ದಾರೆ. ನಿಮ್ಮದು ಯಾವುದು ಅನ್ನುವುದು ದುಡ್ಡು ಕೊಡುವ ಮುಂಚೆ ಗೊತ್ತಾಗಬೇಕು. ಇನ್ಶೂರೆನ್ಸ್ ಕೂಡ ಫುಲ್‌ಟೈಮರ್ ಪಾಲಿಸಿಯೇ ಆಗಿರಲಿ. ನಿಮ್ಮ ಜಾಗದಲ್ಲಿ ಯಾರಾದರೂ ಜಾರಿ ಬಿದ್ದರೆ ಮನೆ ಇನ್ಶೂರೆನ್ಸ್ ನೋಡಿಕೊಳ್ಳುತ್ತಿತ್ತು. ಮಾಮೂಲಿ ಆರ್‌ವಿ ಪಾಲಿಸಿಯನ್ನು ನಂಬಿ ಕೂರೋಕಾಗಲ್ಲ. ಇನ್ಶೂರೆನ್ಸಿನವರ ಹತ್ತಿರ ವಾಸದ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟಿದ್ದು ಕ್ಲೇಮ್ ಹೊತ್ತಿಗೆ ಹೊರಗೆ ಬರುತ್ತದೆ.

ಅಡ್ರೆಸ್ ಅಂದರೆ ಬರೀ ಟಪಾಲಲ್ಲ. ಲೈಸೆನ್ಸ್, ತೆರಿಗೆ, ಹೆಲ್ತ್ ಇನ್ಶೂರೆನ್ಸ್ ಎಲ್ಲಾ ಅದಕ್ಕೇ ಅಂಟಿಕೊಂಡಿರುತ್ತವೆ. ಫುಲ್‌ಟೈಮರ್‌ಗಳು ಹೆಚ್ಚಾಗಿ ಆರಿಸಿಕೊಳ್ಳುವುದು ಟೆಕ್ಸಸ್, ಫ್ಲಾರಿಡಾ, ಸೌತ್ ಡಕೋಟಾ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಎಸ್ಕೇಪೀಸ್ ಅನ್ನುವ ಆರ್‌ವಿ ಕ್ಲಬ್ಬಿನ ಟಪಾಲು ಸೇವೆ ಇದೆ. ಬಂದ ಕಾಗದವನ್ನು ನೀವಿರುವ ಕಡೆಗೆ ಕಳಿಸುತ್ತಾರೆ. ಮಗಳ ಮನೆ ಆಗಬಾರದು ಅಂತಲ್ಲ, ಆ ರಾಜ್ಯದ ತೆರಿಗೆ ಲೆಕ್ಕ ಹಾಕಿ ತೀರ್ಮಾನ ಮಾಡಿ.

ಪ್ರಶ್ನೆ: ಊರಿಂದ ತಂದ ಮಿಕ್ಸಿ, ವೆಟ್ ಗ್ರೈಂಡರ್, ದೇವರ ದೀಪ, ಇವೆಲ್ಲ ಆರ್‌ವಿಯಲ್ಲಿ ನಡೆಯುತ್ತಾ? 50 ಆಂಪ್ ಲೈನಿನಲ್ಲಿ 240 ವೋಲ್ಟ್ ಇರುತ್ತೆ ಅಂತಾರಲ್ಲ?
— ಓದುಗರೊಬ್ಬರು, ಡಲ್ಲಾಸ್

ಉತ್ತರ: ಲೈನಿನಲ್ಲಿ ಇದ್ದರೂ ಅದು 120ರ ಎರಡು ಭಾಗವಾಗಿ ಒಳಗೆ ಬರುತ್ತದೆ. ಗಾಡಿಯ ಪ್ಲಗ್ ಪಾಯಿಂಟುಗಳಲ್ಲಿ ಸಿಗುವುದು 120 ವೋಲ್ಟೇ. ಊರಿನ 230 ವೋಲ್ಟಿನ ಮಿಕ್ಸಿಯನ್ನು ನೆಂಟರಿಗೆ ಕೊಟ್ಟು, ಇಂಡಿಯನ್ ಅಂಗಡಿಯಲ್ಲಿ ಇಲ್ಲಿನ ಕರೆಂಟಿಗೆ ಹೊಂದುವ, 110 ವೋಲ್ಟ್ ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ತಿರುಗುವುದು ಬೇಡ, ಅದರ ಭಾರವೂ ಲೆಕ್ಕಕ್ಕೆ ಬರುತ್ತದೆ.

ಭಾರದ ವಿಷಯ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಡಿಯಲ್ಲಿ ಎಷ್ಟು ಸಾಮಾನು ಹೇರಬಹುದು ಅಂತ ಸ್ಟಿಕ್ಕರ್ ಅಂಟಿಸಿರುತ್ತಾರೆ. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್. 60 ಗ್ಯಾಲನ್ ತುಂಬಿಸಿದರೆ ಸುಮಾರು 500 ಪೌಂಡ್ ಅಲ್ಲೇ ಹೋಯಿತು. ಫಿಫ್ತ್ ವ್ಹೀಲ್ ಆದರೆ ಒಟ್ಟು ಭಾರದ ಸುಮಾರು ಐದನೇ ಒಂದು ಪಾಲು ಪಿಕಪ್ ಮೇಲೆ ಕೂರುತ್ತದೆ. 14,000 ಪೌಂಡಿನ ಗಾಡಿಯಾದರೆ 2,800 ಪೌಂಡ್. ಪಿಕಪ್ಪಿನ ಡ್ರೈವರ್ ಬಾಗಿಲ ಹತ್ತಿರ ಬರೆದಿರುವ ಪೇಲೋಡ್ (ಪಿಕಪ್ ಹೊರಬಲ್ಲ ಭಾರ) ಅಷ್ಟು ಇದೆಯಾ ನೋಡಿ. ಸಾಮಾನು ತುಂಬಿದ ಮೇಲೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್‌ನಲ್ಲಿ (ಲಾರಿ ತೂಗುವ ಕಾಟಾ) ಒಮ್ಮೆ ತೂಕ ಹಾಕಿಸಿ. ಅದರಲ್ಲಿ ಗ್ರೈಂಡರಿನ ಕಲ್ಲಿಗೆ ಜಾಗ ಉಳಿದರೆ ಸಂತೋಷವಾಗಿ ಒಯ್ಯಿರಿ. ಇಡ್ಲಿ ಹಿಟ್ಟು ಅದರಲ್ಲೇ ಚೆನ್ನ, ನಾನೂ ಒಪ್ಪುತ್ತೇನೆ.

ದೀಪ ಮಾತ್ರ ಬ್ಯಾಟರಿಯದ್ದೇ ಇರಲಿ. ಈ ಗೋಡೆಗಳು ತೆಳು, ಬೆಂಕಿ ಹತ್ತಿದರೆ ಹೊರಗೆ ಓಡಲು ಸಿಗುವ ಸಮಯ ತುಂಬಾ ಕಡಿಮೆ. ಒಗ್ಗರಣೆಗೆ ಸ್ಮೋಕ್ ಅಲಾರ್ಮ್ ಕೂಗುತ್ತೆ ಅಂತ ಅದರ ಬ್ಯಾಟರಿ ತೆಗೆದಿಡುವವರಿದ್ದಾರೆ, ಹಾಗೆ ಮಾಡಬೇಡಿ. ಚಾವಣಿಯ ಫ್ಯಾನ್ ಹಾಕಿ, ಒಂದು ಕಿಟಕಿ ತೆಗೆದು ಒಗ್ಗರಣೆ ಹಾಕಿ.