ಎವರೇಜ್ ಏರಿತು, ಡೀಸೆಲ್ ಬಿಲ್ಲೂ ಏರಿತು

ಹುಬ್ಬಳ್ಳಿಯಲ್ಲಿ ಪಾರ್ಸೆಲ್ ಹಂಚೋಕೆ ಮೂರು ಛೋಟಾ ಹಾಥಿ (ಟಾಟಾ ಏಸ್) ಬಿಟ್ಟಿದ್ದೀರಿ. ಎವರೇಜ್, ಅಂದರೆ ಲೀಟರಿಗೆ ಇಷ್ಟು ಕಿಲೋಮೀಟರ್ ಅನ್ನೋದು, ಬರ್ತಿಲ್ಲ. ಡೀಸೆಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್ ತಗೊಳ್ಳಲಾ, ಟ್ಯಾಂಕಿಗೆ ಸುರಿಯುವ ಬಾಟಲಿ ತಗೊಳ್ಳಲಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲಿದೆ: 'ಒಳ್ಳೆ ಎವರೇಜ್ ತಂದ ಡ್ರೈವರ್‌ಗೆ ಬೋನಸ್ ಇಡೋಣ ಅಂತಿದ್ದೇನೆ.' ಮ್ಯಾಗ್ನೆಟ್ ಬೇಕಾದರೆ ತಗೊಳ್ಳಿ, ಹೋದರೆ ಸ್ವಲ್ಪ ದುಡ್ಡು ಹೋಗುತ್ತದೆ. ಆ ಬೋನಸ್ ಮಾತ್ರ ಇಡಬೇಡಿ. ನಾನು ಇಟ್ಟಿದ್ದೆ.

ಆಗ ನನ್ನ ಹತ್ತಿರ ಎರಡು ಛೋಟಾ ಹಾಥಿ, ಒಂದು ಪಿಕಪ್ ಇದ್ದವು. ಗೋಕುಲ ರೋಡಿನ ಗೋದಾಮಿನಿಂದ ಒಂದು ಕೊರಿಯರ್ ಕಂಪನಿಯ ಮಾಲು ಎತ್ತುತ್ತಿದ್ದೆವು. ಹುಬ್ಬಳ್ಳಿ ಪೇಟೆ, ಧಾರವಾಡ, ಆಗಾಗ ಅಣ್ಣಿಗೇರಿ, ಗದಗ. ಕಂಪನಿ ಪಾರ್ಸೆಲ್ ಲೆಕ್ಕದಲ್ಲಿ ದುಡ್ಡು ಕೊಡುತ್ತಿತ್ತು. ಡೀಸೆಲ್ ನಂದು. ಬಂಕಿನಲ್ಲಿ ಉದ್ರಿ, ತಿಂಗಳ ಕೊನೆಗೆ ಬಿಲ್. ಆ ಬಿಲ್ ನೋಡಿದರೆ ನಿದ್ದೆ ಬರುತ್ತಿರಲಿಲ್ಲ. ಅದಕ್ಕೇ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಪ್ರತಿ ಗಾಡಿಯ ಕಿಲೋಮೀಟರ್, ಹಾಕಿಸಿದ ಲೀಟರ್, ಎವರೇಜ್. ತಿಂಗಳಿಗೆ ಹೆಚ್ಚು ಎವರೇಜ್ ತಂದವನಿಗೆ ಬೋನಸ್.

ಎವರೇಜ್ ಏರಿತು. ಸುಳ್ಳಲ್ಲ, ನಿಜವಾಗಿಯೂ ಏರಿತು. 14 ಕೊಡುತ್ತಿದ್ದ ಗಾಡಿ 17, 18 ಕೊಡೋಕೆ ಶುರುಮಾಡಿತು. ನಾನು ಪೇಡೆ ಹಂಚಿದೆ.

ಮನೆಯಲ್ಲಿ ಲೆಕ್ಕ ಬರೆಯುವವಳು ನನ್ನ ಹೆಂಡತಿ. ಅವಳು ಕೇಳಿದಳು: 'ರೀ, ಎವರೇಜ್ ಏರೇತಿ ಅಂತೀರಿ. ಪಾರ್ಸೆಲ್ ಅಷ್ಟ ಅದಾವ. ಮತ್ತ ಬಂಕಿನ ಬಿಲ್ ಯಾಕ ಏರೇತಿ?'

ನನ್ನ ತಲೆಗೆ ಮೊದಲು ಹೊಳೆದದ್ದು ಕಳ್ಳತನ. ಬಂಕಿನವರ ಅಳತೆ ಮೇಲೆ ಅನುಮಾನ ಪಟ್ಟೆ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದೆ. ಎಲ್ಲ ಸುಮ್ನೆ. ಕೊನೆಗೆ ಧಾರವಾಡದ ಲೈನ್ ಹೊಡೆಯುವ ಹುಡುಗನನ್ನೇ ಕೂರಿಸಿಕೊಂಡು ಕೇಳಿದೆ. ಅವನು ಮುಚ್ಚಿಡಲಿಲ್ಲ. 'ಅಣ್ಣಾರ, ನೀವ ಹೇಳೀರಲ್ರಿ ಎವರೇಜ್ ಬರಬೇಕಂತ. ಬೈಪಾಸ್ ಹಿಡಿದ್ರ ಬರ್ತದ್ರಿ. ಊರಾಗ ಹೊಕ್ಕರ ಎಲ್ಲಿ ಬರ್ತದ?'

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನಗೇ ಅರ್ಥ ಆಗೋಕೆ ಸಮಯ ಹಿಡಿಯಿತು. ಗೋದಾಮಿನಿಂದ ಧಾರವಾಡಕ್ಕೆ ಊರ ಒಳಗಿನ ರಸ್ತೆ ಹೆಚ್ಚೂಕಮ್ಮಿ 20 ಕಿಲೋಮೀಟರ್. ಉಣಕಲ್, ನವನಗರ, ರಾಯಾಪುರ ದಾಟಿ ಹೋಗಬೇಕು. ನಡುವಿನ ಒಳ್ಳೆ ರಸ್ತೆ ಚಿಗರಿ ಅನ್ನೋ ವೇಗದ ಬಸ್ಸಿಗೆ ಮೀಸಲು. ನಾವು ಪಕ್ಕದಲ್ಲಿ ಸಿಗ್ನಲ್ ಸಿಗ್ನಲ್‌ಗೂ ನಿಲ್ಲಬೇಕು. ಎವರೇಜ್ 14 ಅಂತ ಇಟ್ಟುಕೊಳ್ಳಿ. 20 ಭಾಗಿಸು 14, ಅಂದರೆ 1.4 ಲೀಟರ್. ಈಗ ಅದೇ ಗಾಡಿ ಗಬ್ಬೂರಿಗೆ ಬಂದು, ಬೈಪಾಸ್ ಹಿಡಿದು, ನರೇಂದ್ರದಲ್ಲಿ ಇಳಿದು ಧಾರವಾಡಕ್ಕೆ ವಾಪಸ್ ಬರಲಿ. ಸುಮಾರು 40 ಕಿಲೋಮೀಟರ್. ಎಲ್ಲೂ ನಿಲ್ಲೋದಿಲ್ಲ, ಟಾಪ್ ಗೇರಿನಲ್ಲಿ ಆರಾಮಾಗಿ ಹೋಗುತ್ತದೆ. ಎವರೇಜ್ 18. ನನ್ನ ಹಾಳೆಯ ಮೇಲೆ ಅವನೇ ಹೀರೋ. ಆದರೆ 40 ಭಾಗಿಸು 18 ಅಂದರೆ 2.2 ಲೀಟರ್. ಬರೀ ಹೋಗೋಕೆ ಮುಕ್ಕಾಲು ಲೀಟರ್ ಜಾಸ್ತಿ ಸುಟ್ಟ. ಅದಕ್ಕೆ ನಾನು ಬೋನಸ್ಸನ್ನೂ ಕೊಟ್ಟೆ.

ಪೇಟೆ ಲೈನಿನವನದು ಇನ್ನೊಂದು ಕಥೆ. ದುರ್ಗದಬೈಲಿನ ಸಂದಿಗಳಿಗೆ ಹೊಕ್ಕರೆ ಫಸ್ಟ್ ಗೇರ್, ಕ್ಲಚ್, ಬ್ರೇಕ್, ಮತ್ತೆ ಫಸ್ಟ್ ಗೇರ್. ಎವರೇಜ್ ನೆಲಕಚ್ಚುತ್ತದೆ. ಹಾಗಾಗಿ ಅಲ್ಲಿನ ಪಾರ್ಸೆಲ್‌ಗಳು 'ಬಾಗಿಲು ಹಾಕಿತ್ತು' ಅಂತ ವಾಪಸ್ ಬರುತ್ತಿದ್ದವು. ವಾಪಸ್ ಬಂದದ್ದು ಮರುದಿನ ಮತ್ತೆ ಗಾಡಿ ಏರುತ್ತದೆ. ಕಂಪನಿ ದುಡ್ಡು ಕೊಡೋದು ಒಂದೇ ಸಲ. ಹುಡುಗರನ್ನು ಬೈಯೋಕೆ ಬಾಯಿ ಬರಲಿಲ್ಲ. ನಾನು ಬರೆದ ನಿಯಮವನ್ನೇ ಅವರು ಪಾಲಿಸಿದ್ದರು.

ಹಾಗಾಗಿ 'ಎವರೇಜ್ ಹೇಗೆ ಏರಿಸಲಿ' ಅನ್ನೋ ಪ್ರಶ್ನೆಯನ್ನೇ ಬಿಡಿ ಅಂತೀನಿ. ನೂರು ಪಾರ್ಸೆಲ್ ಬಾಗಿಲಿಗೆ ಮುಟ್ಟಿಸೋಕೆ ಎಷ್ಟು ಲೀಟರ್ ಹೋಯಿತು? ಅದನ್ನು ಬರೆದಿಡಿ. ಎವರೇಜ್ ನೋಡಬೇಕಾದದ್ದು ಗ್ಯಾರೇಜಿಗೆ. ಅದೇ ಲೈನು, ಅದೇ ಲೋಡು, ಎವರೇಜ್ ಇದ್ದಕ್ಕಿದ್ದಂತೆ ಬಿದ್ದರೆ ಗಾಡಿಗೆ ಏನೋ ಆಗಿದೆ ಅಂತ. ಅಷ್ಟೇ.

ಹಾಗಂತ ಸುತ್ತಿ ಹೋಗೋದೆಲ್ಲ ನಷ್ಟ ಅಂತಲ್ಲ. ಅಮೆರಿಕದ ಯುಪಿಎಸ್ ಅನ್ನೋ ಪಾರ್ಸೆಲ್ ಕಂಪನಿಯ ಗಾಡಿಗಳು ಆದಷ್ಟು ಎಡಕ್ಕೆ ತಿರುಗೋದಿಲ್ಲ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುತ್ತಾರೆ. ಎಡಕ್ಕೆ ತಿರುಗಬೇಕಾದರೆ ಎದುರಿನ ಗಾಡಿಗಳೆಲ್ಲ ಹೋಗುವ ತನಕ ಎಂಜಿನ್ ಉರಿಸುತ್ತಾ ಕಾಯಬೇಕು. ಸ್ವಲ್ಪ ಸುತ್ತು ಆದರೂ ಬಲ ತಿರುವುಗಳಲ್ಲೇ ಹೋಗುತ್ತಾರೆ. 2016ರ ಹೊತ್ತಿಗೆ ಅಲ್ಲಿನ ಸುಮಾರು 55,000 ಲೈನುಗಳಿಗೆ ಓರಿಯನ್ ಅನ್ನೋ ಸಾಫ್ಟ್‌ವೇರ್ ದಾರಿ ಹಾಕಿಕೊಡುತ್ತಿತ್ತು. ವರ್ಷಕ್ಕೆ 1 ಕೋಟಿ ಗ್ಯಾಲನ್ ಇಂಧನ ಉಳಿಯುತ್ತದೆ ಅಂತ ಕಂಪನಿ ಹೇಳಿಕೊಂಡಿದೆ. ನಮ್ಮಲ್ಲಿ ಎಡಬದಿಯ ಓಡಾಟ, ಹಾಗಾಗಿ ತಪ್ಪಿಸಬೇಕಾದದ್ದು ಬಲ ತಿರುವು. ಕೇಶ್ವಾಪುರದಲ್ಲಿ ಎಡಕ್ಕೇ ತಿರುಗುತ್ತಾ ಒಂದು ಸುತ್ತು ಹಾಕುವ ಹಾಗೆ ಪಾರ್ಸೆಲ್ ಜೋಡಿಸಿ ನೋಡಿ. ಚನ್ನಮ್ಮ ಸರ್ಕಲ್ ಅಂತೂ ದಿನಕ್ಕೆ ಒಂದು ಸಲಕ್ಕಿಂತ ಜಾಸ್ತಿ ದಾಟೋದೇ ಬೇಡ.

ಡೆಲಿವರಿ ಗಾಡಿ ಡೀಸೆಲ್ ಕುಡಿಯೋದು ಓಡುವಾಗ ಅಲ್ಲ, ನಿಂತು ಏಳುವಾಗ. ನಮ್ಮ ಅಳಿಯ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನ ಕೈಲಿ ಲೆಕ್ಕ ಮಾಡಿಸಿದೆ. ಲೋಡ್ ಸೇರಿ ಒಂದೂವರೆ ಟನ್ ತೂಗುವ ಗಾಡಿ ನಿಂತಲ್ಲಿಂದ 40ರ ವೇಗಕ್ಕೆ ಏರೋಕೆ ಹತ್ತಿರ ಹತ್ತಿರ 10 ಮಿಲಿ ಡೀಸೆಲ್ ಬೇಕು. ಬ್ರೇಕ್ ಒತ್ತಿದರೆ ಅದಷ್ಟೂ ಬಿಸಿಯಾಗಿ ಹೋಗುತ್ತದೆ. ನೂರು ಸಲ ನಿಂತು ಎದ್ದರೆ ಒಂದು ಲೀಟರ್. ಅದಕ್ಕೇ ನಾನು ದುರ್ಗದಬೈಲಿಗೆ ಗಾಡಿ ಹೊಗಿಸೋದನ್ನೇ ಬಿಟ್ಟೆ. ಬೆಳಿಗ್ಗೆ ಅಂಗಡಿ ತೆರೆಯೋ ಹೊತ್ತಿಗೆ ಪೇಟೆಯ ಅಂಚಿಗೆ ಗಾಡಿ ನಿಲ್ಲಿಸಿ, ಒಳಗೆ ಕೈಗಾಡಿ. ಕೈಗಾಡಿಯವನ ಕೂಲಿ ಕಳೆದರೂ ಉಳಿಯಿತು. ವಿದ್ಯಾನಗರದ ಕಾಲೇಜು ಹುಡುಗರ ರೂಮುಗಳಿಗೆ ಸಂಜೆಯೇ ಹೋಗಬೇಕು, ಹಗಲು ಯಾರೂ ಸಿಗೋದಿಲ್ಲ. ಹೊರಡುವ ಮೊದಲು ಫೋನ್ ಹಚ್ಚಿ. 'ಗಣಪತಿ ಗುಡಿ ಹಿಂದಿನ ಮನಿ' ಅನ್ನೋ ವಿಳಾಸ ಹುಡುಕುತ್ತಾ ಓಣಿ ಓಣಿ ತಿರುಗೋ ಡೀಸೆಲ್ ಯಾವ ಹಾಳೆಯಲ್ಲೂ ಕಾಣೋದಿಲ್ಲ. ಮತ್ತೆ ಲೋಡಿಂಗ್. ಮೊದಲು ಇಳಿಯಬೇಕಾದದ್ದು ಕೊನೆಗೆ ಏರಬೇಕು. ನಮ್ಮ ಹುಡುಗರು ಒಂದು ಡಬ್ಬಿಗಾಗಿ ಅರ್ಧ ಗಾಡಿ ಇಳಿಸಿ ಏರಿಸುತ್ತಿದ್ದರು, ಎಂಜಿನ್ ಚಾಲೂ ಇಟ್ಟುಕೊಂಡು. ಪಿಕಪ್ ಅಂಥದ್ದು ಸುಮ್ನೆ ನಿಂತಿದ್ದರೂ ಗಂಟೆಗೆ ಅರ್ಧ ಲೀಟರ್ ಕುಡಿಯುತ್ತದೆ. 'ಸೆಲ್ಫ್ ಹೊಡೆದರ ಡೀಸೆಲ್ ಜಾಸ್ತಿ ಹೋಗ್ತದ' ಅನ್ನೋದು ಹಳೇ ನಂಬಿಕೆ. ಹತ್ತು ಸೆಕೆಂಡಿಗಿಂತ ಜಾಸ್ತಿ ನಿಲ್ಲೋದಾದರೆ ಬಂದ್ ಮಾಡೋದೇ ಲಾಭ. ಬ್ಯಾಟರಿ ಮಾತ್ರ ಗಟ್ಟಿ ಇರಬೇಕು.

ಟೈರ್ ಗಾಳಿ ಬೆಳಿಗ್ಗೆ, ಗಾಡಿ ಹೊರಡುವ ಮೊದಲು ನೋಡಿ. ಅಮೆರಿಕದ ಇಂಧನ ಇಲಾಖೆ ಕಾರುಗಳಿಗೆ ಕೊಟ್ಟ ಲೆಕ್ಕದ ಪ್ರಕಾರ ನಾಲ್ಕೂ ಟೈರಿನಲ್ಲಿ 1 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಇಳಿದರೆ 0.2% ಮೈಲೇಜ್ ಹೋಗುತ್ತದೆ. ಹತ್ತು ಇಳಿದರೆ 2%. ನಮ್ಮ ಗಾಡಿಗಳಲ್ಲಿ ಹತ್ತು ಇಳಿದಿರೋದು ಮಾಮೂಲಿ ಅಲ್ವಾ? ಲೈನ್ ಮುಗಿಸಿ ಬಂದ ತಕ್ಷಣ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ. ಒಂದೇ ಚಕ್ರ ಉಳಿದವಕ್ಕಿಂತ ಜಾಸ್ತಿ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ನನ್ನ ಪಿಕಪ್‌ನಲ್ಲಿ ಹೀಗೇ ಆಗಿತ್ತು. ಅಣ್ಣಿಗೇರಿ ಕಡೆ ಓಡುವ ಗಾಡಿಯ ಏರ್ ಫಿಲ್ಟರ್ ಬೇಗ ಬೇಗ ತೆಗೆದು ನೋಡಬೇಕು, ಎರಿ ಮಣ್ಣಿನ ಧೂಳು ಬಿಡೋದಿಲ್ಲ. ಹಳೇ ಗಾಡಿ ಕಪ್ಪು ಹೊಗೆ ಬಿಟ್ಟರೆ ಅದು ಪೂರ್ತಿ ಸುಡದ ಡೀಸೆಲ್. ಗದಗ ರೋಡಿನಲ್ಲಿ 55 ದಾಟಬೇಡಿ ಅಂತ ಹೇಳಿ, ಡಬ್ಬಿ ಕಟ್ಟಿದ ಗಾಡಿಗೆ ಗಾಳಿ ಸಿಕ್ಕಾಪಟ್ಟೆ ಒತ್ತುತ್ತದೆ.

ಮ್ಯಾಗ್ನೆಟ್, ಬಾಟಲಿ ಬಗ್ಗೆ ಕೇಳಿದ್ದಿರಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಮಾನು ಪರೀಕ್ಷಿಸಿ ನೋಡಿದೆ. ಮೈಲೇಜ್ ಹೇಳಿಕೊಳ್ಳುವಷ್ಟು ಏರಿಸಿದ್ದು ಒಂದೂ ಸಿಗಲಿಲ್ಲ. ಆ ದುಡ್ಡಿಗೆ ಒಳ್ಳೆ ಗಾಳಿ ಮೀಟರ್ ಬರುತ್ತದೆ.

ಸಿಎನ್‌ಜಿ, ಎಲೆಕ್ಟ್ರಿಕ್ ತಗೊಳ್ಳಬೇಕಾ ಅಂತ ಮುಂದೆ ಕೇಳುತ್ತೀರಿ. ಊರೊಳಗೇ ತಿರುಗಿ ರಾತ್ರಿ ಗೋದಾಮಿಗೆ ಬರುವ ಗಾಡಿಗೆ ಎಲೆಕ್ಟ್ರಿಕ್ ಸರಿ ಅನ್ನಿಸುತ್ತದೆ, ನಿಂತಾಗ ಏನೂ ಕುಡಿಯೋದಿಲ್ಲ, ಬ್ರೇಕ್ ಹಿಡಿದಾಗ ಸ್ವಲ್ಪ ಚಾರ್ಜ್ ವಾಪಸ್ ಬರುತ್ತದೆ. ಆದರೆ ದಾರಿ, ಲೋಡಿಂಗ್ ಸರಿಯಿಲ್ಲದೆ ಹೊಸ ಗಾಡಿಯ ಕಂತು ಮೈಮೇಲೆ ಎಳೆದುಕೊಳ್ಳಬೇಡಿ.

ಬೋನಸ್ ಈಗಲೂ ಕೊಡುತ್ತೇನೆ. ಮೊದಲ ಸಲಕ್ಕೇ ಮುಟ್ಟಿದ ಪಾರ್ಸೆಲ್‌ಗೆ ಇಷ್ಟು ಅಂತ. ನೂರು ಪಾರ್ಸೆಲ್ಲಿನ ಡೀಸೆಲ್ ಕಳೆದ ತಿಂಗಳಿಗಿಂತ ಇಳಿದರೆ ಉಳಿದ ದುಡ್ಡಲ್ಲಿ ಅರ್ಧ ಮೂರೂ ಗಾಡಿಯವರಿಗೆ ಸಮ. ಒಬ್ಬೊಬ್ಬರಿಗೆ ಬೇರೆ ಬೇರೆ ಕೊಟ್ಟರೆ ದುರ್ಗದಬೈಲ್ ಲೈನಿಗೆ ಯಾರೂ ಬರೋದಿಲ್ಲ. ನೀವು ಈ ತಿಂಗಳು ಏನನ್ನೂ ಬದಲಿಸಬೇಡಿ, ಡೀಸೆಲ್ ಮತ್ತು ಮುಟ್ಟಿದ ಪಾರ್ಸೆಲ್ ಎರಡನ್ನೇ ಬರೆಯಿರಿ. ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿ, ನಾಝಲ್ ಮೊದಲ ಸಲ ಟಕ್ ಅಂದಾಗಲೇ ನಿಲ್ಲಿಸಿ, ಇಲ್ಲದಿದ್ದರೆ ಲೆಕ್ಕ ಹೊಂದೋದಿಲ್ಲ. ಗಾಡಿ ಬಿಎಸ್ 4 ಆ, ಬಿಎಸ್ 6 ಆ (ಹೊಗೆ ನಿಯಮದ ಯಾವ ಹಂತದ್ದು) ಅಂತ ಕೆಳಗೆ ತಿಳಿಸಿ.