ಅವರು ನಿಮಗೆ ಏನಾಗಬೇಕು?

ಓದುಗರ ಪತ್ರ: ಕಳೆದ ತಿಂಗಳು ಶಿವಮೊಗ್ಗದಲ್ಲಿ ಒಂದು ಗಾಯನ ಕಾರ್ಯಕ್ರಮಕ್ಕೆ ಹೋಗಿದ್ದೆ. ಹಾಡು ಚೆನ್ನಾಗಿತ್ತು. ಕೊನೆಯಲ್ಲಿ ಗಾಯಕಿ, ಮದುವೆಯಾಗದೆ ಕೂಡಿ ಬಾಳುವವರಿಗೂ ಸಮಾನ ಹಕ್ಕು, ಕಾನೂನಿನ ರಕ್ಷಣೆ ಬೇಕೆಂದು ಮಾತನಾಡಿದರು. ಹಾಡುವವರು ಹಾಡಬೇಕು. ಸಂಸಾರದ ಕಟ್ಟುಪಾಡು ಸಡಿಲಿಸುವ ಕೆಲಸ ಅವರಿಗೇಕೆ? ಕುವೆಂಪು ಬೆಳೆದ ಜಿಲ್ಲೆಯಲ್ಲಿ ಇಂಥ ಮಾತಿಗೆ ಚಪ್ಪಾಳೆ ಬಿದ್ದದ್ದು ನೋವು ತಂದಿತು. ನಿಮ್ಮ ಅಭಿಪ್ರಾಯವೇನು?
ಹಳೆಯ ಓದುಗ, ತೀರ್ಥಹಳ್ಳಿ ತಾಲ್ಲೂಕು

ಮಾನ್ಯರೇ,

ಅಡಿಕೆಯ ಕೊಳೆರೋಗದಿಂದ ಹಿಡಿದು ಮುಚ್ಚಿಹೋಗುತ್ತಿರುವ ಹಳ್ಳಿ ಶಾಲೆಗಳವರೆಗೆ ನೀವು ಬರೆದ ಪತ್ರಗಳನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. ಅಳೆದು ತೂಗಿ ಬರೆಯುವವರು ನೀವು. ಆದ್ದರಿಂದಲೇ ಈ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಸಾಲದು.

ನಿಮ್ಮ ಆತಂಕದಲ್ಲಿ ಹುರುಳಿಲ್ಲ ಎನ್ನಲಾರೆ. ನಮ್ಮ ಕಡೆ ಮದುವೆಯೆಂದರೆ ಹೆಣ್ಣಿನ ಬೆನ್ನಿಗೆ ನಾಲ್ಕು ಜನ ಸಾಕ್ಷಿ ನಿಂತಂತೆ. ಸಾಕ್ಷಿಯಿಲ್ಲದ ಕಡೆ ಗಂಡಸು ಕೈಕೊಟ್ಟು ಹೋಗುವುದು ಸುಲಭ. ಆದರೆ ಹಾಗೆ ಕೈಕೊಟ್ಟು ಹೋದಾಗ ಹೆಣ್ಣು ಬೀದಿಪಾಲಾಗಬಾರದು ಎಂದೇ ಅಲ್ಲವೇ ಆ ಗಾಯಕಿ ಕಾನೂನನ್ನು ಕೇಳಿದ್ದು?

ಒಂದು ಸಂಗತಿ ಹೇಳುತ್ತೇನೆ. ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ಹಾರ್ಮೋನಿಯಂ ನುಡಿಸುವವರೊಬ್ಬರಿದ್ದರು. ಅವರ ಜೊತೆ ಭಜನೆ, ರಂಗಗೀತೆ ಹಾಡುತ್ತಿದ್ದ ಹೆಣ್ಣುಮಗಳು ಅವರ ಮನೆಯಲ್ಲೇ ಇಪ್ಪತ್ತಾರು ವರ್ಷ ಬಾಳಿದರು. ಜಾತಿ ಬೇರೆ; ಮದುವೆ ಆಗಲಿಲ್ಲ, ಆಗಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ. ಊರು ಅದನ್ನು ಒಪ್ಪಿಕೊಳ್ಳದೆಯೂ ಸುಮ್ಮನಿತ್ತು, ಏಕೆಂದರೆ ಗಣಪತಿ ಹಬ್ಬಕ್ಕೆ ಅವರ ಹಾಡು ಬೇಕಿತ್ತು. ಒಂದು ಮಳೆಗಾಲದ ರಾತ್ರಿ ಆ ಹಾರ್ಮೋನಿಯಂ ವಾದಕರಿಗೆ ಹೊಟ್ಟೆನೋವು ಬಂದು ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಕರೆತಂದರು. ಶಸ್ತ್ರಚಿಕಿತ್ಸೆಯ ಕಾಗದಕ್ಕೆ ಸಹಿ ಹಾಕಲು ಈಕೆ ಮುಂದಾದಾಗ ಅಲ್ಲಿದ್ದವರು ಕೇಳಿದರು: ‘ಅವರು ನಿಮಗೆ ಏನಾಗಬೇಕು?’ ನಮ್ಮ ಭಾಷೆಯಲ್ಲಿ ಇದು ಅತ್ಯಂತ ಸಹಜವಾದ ಪ್ರಶ್ನೆ. ಬಸ್ಸಿನಲ್ಲಿ ಪಕ್ಕ ಕುಳಿತವರೂ ಕೇಳುತ್ತಾರೆ. ಈಕೆಯ ಬಾಯಿಂದ ಉತ್ತರ ಬರಲಿಲ್ಲ. ಸಹಿಗಾಗಿ ಅಣ್ಣನ ಮಗ ಬರುವವರೆಗೆ, ಬೆಳಗಿನ ಬಸ್ಸಿನವರೆಗೆ, ಕಾಯಬೇಕಾಯಿತು. ಮೂರನೆಯ ದಿನ ಅವರು ತೀರಿಕೊಂಡರು. ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ಮನೆಗೆ ಬೀಗ ಬಿತ್ತು. ಹಾರ್ಮೋನಿಯಂ ಒಳಗೇ ಉಳಿಯಿತು. ಆಕೆ ತಮ್ಮ ತಂಬೂರಿಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಕಚೇರಿಗೆ ಬಂದರು.

ನಾನು ಅವರನ್ನು ವಕೀಲರೊಬ್ಬರ ಬಳಿ ಕರೆದುಕೊಂಡು ಹೋದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ಅವರಿಗೆ ಜಾಗವಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ‘ವಿವಾಹದ ಸ್ವರೂಪದ ಸಂಬಂಧ’ವನ್ನು ಗುರುತಿಸುತ್ತದೆ, ನಿಜ. ಅದು ಜೊತೆಗಾರನ ದೌರ್ಜನ್ಯದಿಂದ ಕಾಪಾಡೀತು; ಸತ್ತವನ ಆಸ್ತಿಯಲ್ಲಿ ಪಾಲು ಕೊಡಿಸದು. ಬಹುಕಾಲ ಗಂಡಹೆಂಡಿರಂತೆ ಬಾಳಿದವರನ್ನು ಮದುವೆಯಾದವರೆಂದೇ ಭಾವಿಸಬಹುದು ಎಂದು ಸುಪ್ರೀಂ ಕೋರ್ಟ್ 1978ರಲ್ಲೂ 2022ರಲ್ಲೂ ಹೇಳಿದೆ. ‘ಮದುವೆ ಆಗಿತ್ತು ಎಂದುಬಿಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎಂದರು ವಕೀಲರು. ಆಕೆ ಒಪ್ಪಲಿಲ್ಲ. ‘ಇಷ್ಟು ವರ್ಷ ಇಬ್ಬರೂ ಹೇಳದಿದ್ದ ಸುಳ್ಳನ್ನು ಅವರು ಹೋದ ಮೇಲೆ ನಾನೊಬ್ಬಳೇ ಹೇಗೆ ಹೇಳಲಿ’ ಎಂದರು. ಆಸರೆ ಬೇಕಾದರೆ ಮದುವೆಯ ವೇಷ ಹಾಕಿಕೊಂಡು ಬಾ ಎನ್ನುವ ನ್ಯಾಯ ಇದು. ನಿಮ್ಮ ಗಾಯಕಿ ಪ್ರಶ್ನಿಸಿದ್ದು ಇದನ್ನೇ.

ಸಂಸತ್ತು ಈ ಬಗ್ಗೆ ಯೋಚಿಸಿ ಕಾನೂನು ತರಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು, ಅದೂ ನಮ್ಮ ಬೆಂಗಳೂರಿನಿಂದ ಹೋದ ಪ್ರಕರಣದಲ್ಲಿ. ನ್ಯಾಯಮೂರ್ತಿಗಳು ಬರೆದರೆ ತೀರ್ಪು, ಗಾಯಕಿ ಹೇಳಿದರೆ ಅಧಿಕಪ್ರಸಂಗವೇ?

‘ಹಾಡುವವರು ಹಾಡಬೇಕು’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ನಾವು ಕೇಳಿ ತಲೆದೂಗುವ ಸಂಗೀತದ ದೊಡ್ಡ ಪಾಲನ್ನು ಉಳಿಸಿ ಕೊಟ್ಟವರು ಮದುವೆಯ ಹೊರಗೆ ನಿಲ್ಲಿಸಲ್ಪಟ್ಟ ಹೆಣ್ಣುಮಕ್ಕಳು. ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರಿನ ಮುಂದಿರುವ ಎರಡು ಅಕ್ಷರಗಳು ಊರಾದ ಮದುರೈ ಮತ್ತು ತಾಯಿ ಷಣ್ಮುಖವಡಿವು. ತಂದೆಯ ಹೆಸರು ಅಲ್ಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ದೇವದಾಸಿ ಕುಲದ ಗಾಯಕಿ ಬೆಂಗಳೂರು ನಾಗರತ್ನಮ್ಮ ತಮ್ಮ ಗಳಿಕೆಯನ್ನು ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಇಂಥ ಪರಂಪರೆಯಿಂದ ಬಂದ ಕಲಾವಿದರು ಈ ವಿಷಯ ಮಾತನಾಡದೆ ಇನ್ಯಾರು ಮಾತನಾಡಬೇಕು?

ಮಾತನಾಡಿದವರು ಬೆಲೆಯನ್ನೂ ತೆತ್ತಿದ್ದಾರೆ. ನಟಿ ಖುಷ್ಬೂ 2005ರಲ್ಲಿ ಮದುವೆಗೆ ಮುಂಚಿನ ಸಂಬಂಧದ ಬಗ್ಗೆ ಪತ್ರಿಕೆಗೆ ಹೇಳಿದ ನಾಲ್ಕು ಮಾತಿಗೆ 20ಕ್ಕೂ ಹೆಚ್ಚು ಮೊಕದ್ದಮೆ ಬಿದ್ದವು. ಅವೆಲ್ಲ ರದ್ದಾಗಲು 2010 ಬರಬೇಕಾಯಿತು. ವಯಸ್ಕರಿಬ್ಬರು ಮದುವೆಯಾಗದೆ ಕೂಡಿ ಬಾಳುವುದು ಅಪರಾಧವಲ್ಲ ಎಂದು ಆ ತೀರ್ಪು ಸ್ಪಷ್ಟಪಡಿಸಿತು. ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಬಿಡಿಸಿದ 2018ರ ಸೆಪ್ಟೆಂಬರ್ 6ರ ತೀರ್ಪಿಗೆ ಯಾರ ಹೆಸರಿದೆ ಗೊತ್ತೇ? ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್ ಅವರದು. ಅಂಥ ಜೋಡಿಗಳಿಗೆ ಮದುವೆಯ ಹಕ್ಕನ್ನು 2023ರಲ್ಲಿ ನ್ಯಾಯಾಲಯ ಕೊಡಲಿಲ್ಲ. ಆದರೂ ಮರುವರ್ಷ ಅವರ ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲ, ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಎಣಿಸಿ ಎಂದು ಕೇಂದ್ರ ಸರ್ಕಾರ ತಿಳಿಸಿತು. ಪಡಿತರ ಚೀಟಿ ಎಂದರೆ ಸಣ್ಣ ವಿಷಯವಲ್ಲ, ನೀವು ಹಳ್ಳಿಯಲ್ಲಿದ್ದೀರಿ, ಬಲ್ಲಿರಿ.

ಉತ್ತರಾಖಂಡದಲ್ಲಿ ಕೂಡಿ ಬಾಳುವವರು ನೋಂದಣಿ ಮಾಡಿಸಲೇಬೇಕು, ಇಲ್ಲವಾದರೆ ಜೈಲು ಎಂಬ ಕಾನೂನು ಬಂದಿದೆ. ಅದನ್ನು ನಾನು ರಕ್ಷಣೆ ಎನ್ನುವುದಿಲ್ಲ. ಅದು ಮನೆಬಾಗಿಲಿಗೆ ಕಾವಲು ಹಾಕುವುದು.

ಇನ್ನು ಕುವೆಂಪು. ಅವರನ್ನು ಈ ವಾದಕ್ಕೆ ನೀವು ಎಳೆದು ತಂದದ್ದು ಸರಿಯಲ್ಲ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ, ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ, ಆಡಂಬರವಿಲ್ಲದೆ ಮಾಡಿದವರು ಅವರು. ಅದು ಮದುವೆಯೇ, ಒಪ್ಪುತ್ತೇನೆ. ಆದರೆ ಇಬ್ಬರು ಮನುಷ್ಯರ ಒಪ್ಪಿಗೆಯೇ ಅದರ ತಿರುಳು. ಆ ತಿರುಳಿನ ಮೇಲೆ ನಿಂತು ಇನ್ನೊಂದು ಹೆಜ್ಜೆ ಮುಂದಿನದನ್ನು ಕೇಳಿದವರಿಗೆ ಕುವೆಂಪು ಹೆಸರು ಹೇಳಿ ಬಾಯಿ ಮುಚ್ಚಿಸಬೇಡಿ.

ನಿಮ್ಮ ತಂದೆಯವರು ಗೇಣಿದಾರರ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದದ್ದನ್ನು ನೀವೇ ಒಮ್ಮೆ ಹೆಮ್ಮೆಯಿಂದ ಬರೆದಿದ್ದಿರಿ. 1951ರಲ್ಲಿ ಆ ಗೇಣಿದಾರರ ಬೆನ್ನಿಗೆ ನಿಲ್ಲಲು ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ, ರಮಾ ಮಿತ್ರ ಅವರೊಡನೆ ಮದುವೆಯಾಗದೆ ಬಾಳಿದವರು. ಅದನ್ನು ಬಚ್ಚಿಟ್ಟವರೂ ಅಲ್ಲ. ಅವರ ಹೋರಾಟದ ಫಲವಾಗಿ ಬಂದ ಎಚ್ಚರವನ್ನು ನಮ್ಮ ಜಿಲ್ಲೆ ಉಂಡಿತು. ಅವರ ಬಾಳುವೆಯ ಬಗ್ಗೆ ಮಾತ್ರ ಇಂದಿಗೂ ದನಿ ತಗ್ಗಿಸುತ್ತೇವೆ.

ಇದೇ ನನ್ನ ದೊಡ್ಡ ದೂರು. ನಮಗೆ ಹಾಡು ಬೇಕು, ಹಾಡಿದವಳ ಬದುಕು ಬೇಡ. ಉತ್ಸವಕ್ಕೆ ಕರೆದು ಶಾಲು ಹೊದಿಸುತ್ತೇವೆ. ಅದೇ ಕಲಾವಿದೆ ಜೊತೆಗಾರನೊಡನೆ ಬಾಡಿಗೆ ಮನೆ ಕೇಳಿ ಬಂದರೆ ಗೇಟಿನಲ್ಲೇ ನಿಲ್ಲಿಸುತ್ತೇವೆ. ಮಾಸಾಶನದ ಅರ್ಜಿ ಬರೆಯಲು ಕುಳಿತರೆ ‘ತಂದೆ ಅಥವಾ ಗಂಡನ ಹೆಸರು’ ಎಂಬ ಖಾಲಿ ಗೆರೆ. ಅರವತ್ತು ದಾಟಿದ ಹೆಂಗಸು ಅಲ್ಲಿ ಎಂದೋ ತೀರಿಹೋದ ಅಪ್ಪನ ಹೆಸರು ಬರೆದು, ಕಾಲು ಶತಮಾನ ಜೊತೆ ಬಾಳಿದವನ ಹೆಸರನ್ನು ಬಿಟ್ಟದ್ದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ.

ಆ ಹಾರ್ಮೋನಿಯಂ ವಾದಕರು ಒಂದು ಉಯಿಲು ಬರೆದಿಟ್ಟಿದ್ದರೆ ಕೊನೆಯ ಪಕ್ಷ ಅವರ ಸ್ವಂತ ಗಳಿಕೆಯಾದರೂ ಆಕೆಯ ಕೈ ಸೇರುತ್ತಿತ್ತು. ಸಾದಾ ಕಾಗದ, ಅವರ ಸಹಿ, ಇಬ್ಬರು ಸಾಕ್ಷಿಗಳು ಸಾಕಿತ್ತು. ಬ್ಯಾಂಕಿನ ಖಾತೆಗೆ ನಾಮಿನಿಯಾಗಿ ಹೆಸರು ಬರೆಸಿದರೆ ಅದೇ ಒಡೆತನ ಎಂದು ತಿಳಿದು ಸುಮ್ಮನಿರುವವರೂ ಬಹಳ ಮಂದಿ ಇದ್ದಾರೆ; ಅದು ತಪ್ಪು. ಮುಂದಿನ ಸಂಚಿಕೆಯಲ್ಲಿ ಉಯಿಲಿನ ಒಂದು ಮಾದರಿಯನ್ನು ಸರಳ ಕನ್ನಡದಲ್ಲಿ ಅಚ್ಚು ಮಾಡುತ್ತೇವೆ. ನಿಮ್ಮ ಮರುಪತ್ರ ಬಂದರೆ ಅದರ ಎದುರು ಪುಟದಲ್ಲೇ, ಒಂದಕ್ಷರವನ್ನೂ ಕತ್ತರಿಸದೆ ಹಾಕುತ್ತೇನೆ.

ಸಂಪಾದಕ